ಉಪಯೋಗಿಸುವ ಮುನ್ನ ಒಂದು ಸುತ್ತು ಬನ್ನಿ

ಮಿಕ್ಸಿ ತಂದರೆ ಜೊತೆಗೊಂದು ಕೈಪಿಡಿ ಬರುತ್ತದೆ. ಹತ್ತು ಭಾಷೆಯಲ್ಲಿರುತ್ತದೆ, ಯಾರೂ ಓದುವುದಿಲ್ಲ. ಆದರೂ ಗ್ಯಾರಂಟಿ ಕಾರ್ಡಿನ ಜೊತೆ ಬೀರುವಿನಲ್ಲಿ ಮಿಕ್ಸಿಗಿಂತ ಹೆಚ್ಚು ಕಾಲ ಬಾಳುತ್ತದೆ. ಅದೇ ಲಕ್ಷಗಟ್ಟಲೆ ದುಡ್ಡು ಕಟ್ಟಿ ಯುರೋಪ್ ಟೂರಿಗೆ ಹೊರಟರೆ ಕೈಗೆ ಬರುವುದು ಒಂದು ಟೋಪಿ, ಒಂದು ಬಣ್ಣದ ಬ್ಯಾಗು, ಹೋಟೆಲುಗಳ ಪಟ್ಟಿ. ನೂರಾರು ವರ್ಷ ಹಳೆಯ ಚೌಕವೊಂದರ ಮುಂದೆ ನಿಲ್ಲಿಸಿ "ಫಾರ್ಟಿಫೈವ್ ಮಿನಿಟ್ಸ್ ಓನ್ಲಿ" ಅಂದುಬಿಡುತ್ತಾರೆ. ಇದನ್ನು ಯಾವ ಕಡೆಯಿಂದ ತೆರೆಯಬೇಕು, ಎಲ್ಲಿ ಒತ್ತಿದರೆ ಓಡುತ್ತದೆ, ಒಂದನ್ನೂ ಹೇಳುವುದಿಲ್ಲ. ಆ ಕೊರತೆ ನೀಗಲೆಂದು ಈ ಕೈಪಿಡಿ.

ಇಲ್ಲಿನ ಸೂಚನೆಗಳು ಇಟಲಿಯ ಫ್ಲಾರೆನ್ಸ್ ನಗರದ ಪಿಯಾಟ್ಸಾ ದೆಲ್ಲಾ ಸಿನ್ಯೊರಿಯಾ ಎಂಬ ಮಾಡೆಲ್ಲಿಗೆ ಮಾತ್ರ. ಇವನ್ನೇ ವೆನಿಸ್ಸಿನ ಚೌಕದಲ್ಲಿ ಪ್ರಯೋಗಿಸಿ ಕಾಲು ಒದ್ದೆ ಮಾಡಿಕೊಂಡರೆ ಲೇಖಕ ಹೊಣೆಯಲ್ಲ. ಪರೀಕ್ಷಿಸಿ ನೋಡಿದವರು ಇಬ್ಬರು: ನಾನು, ಮತ್ತು ಬೇಲೂರಿನ ನಮ್ಮ ದೊಡ್ಡಮ್ಮ. ದೊಡ್ಡಮ್ಮನಿಗೆ 74 ವರ್ಷ, ಎಡಮಂಡಿ ಸವೆದಿದೆ. ಆದರೆ ದೇವಸ್ಥಾನದ ಬೀದಿಯಲ್ಲೇ ಹುಟ್ಟಿ ಬೆಳೆದವರಾದ್ದರಿಂದ ಕಲ್ಲಿನ ವಿಷಯದಲ್ಲಿ ಅವರನ್ನು ಸುಲಭಕ್ಕೆ ಮೆಚ್ಚಿಸಲಾಗದು.

ಡಬ್ಬಿಯಲ್ಲಿ ಏನೇನಿದೆ

ಅರಮನೆ 1, ಹೆಸರು ಪಲಾಟ್ಸೊ ವೆಕ್ಕಿಯೊ, 1299ರಲ್ಲಿ ಕಟ್ಟಲು ಶುರುಮಾಡಿದ್ದು. ಅದರ ನೆತ್ತಿಗೆ ಸುಮಾರು 94 ಮೀಟರ್ ಎತ್ತರದ ಗೋಪುರ 1. ಗೋಪುರಕ್ಕೆ ಗಡಿಯಾರ 1, ಅದಕ್ಕೆ ಮುಳ್ಳು 1. ಮೂರು ಭಾರಿ ಕಮಾನುಗಳ ತೆರೆದ ಮಂಟಪ 1. ಕಾರಂಜಿ 1. ಕಂಚಿನ ಕುದುರೆ ಮತ್ತು ಸವಾರ, ಒಂದು ಸೆಟ್. ಕಲ್ಲಿನ ಸಿಂಹ 3. ಪೂರ್ತಿ ಕಡಿದ ತಲೆ 1. ಅರ್ಧ ಕಡಿದು ಬಿಟ್ಟ ತಲೆ 1. ಬತ್ತಲೆ ಗಂಡಸರು ಹಲವರು. ಪಾರಿವಾಳ ಬೇಕಾದಷ್ಟು.

ಡಬ್ಬಿ ಬಿಚ್ಚಿದ ಕೂಡಲೇ ಗಿರಾಕಿಗಳು ಮೂರು ದೂರು ಹೇಳುತ್ತಾರೆ: ಗೋಪುರ ನಟ್ಟನಡುವೆ ಇಲ್ಲ, ಗಡಿಯಾರಕ್ಕೆ ನಿಮಿಷದ ಮುಳ್ಳಿಲ್ಲ, ಚೌಕ ಚೌಕವಾಗಿಲ್ಲ. ಮೂರೂ ನಿಜ. ಅಂಗಡಿಗೆ ವಾಪಸ್ ಒಯ್ಯಬೇಡಿ.

ಗೋಪುರ ಪಕ್ಕಕ್ಕೆ ಸರಿದಿರುವುದು ಜಿಪುಣತನದಿಂದ. ಅಲ್ಲಿ ಮೊದಲೇ ಒಂದು ಮನೆತನದ ಹಳೇ ಗೋಪುರವಿತ್ತು. ಅದನ್ನು ಕೆಡವುವ ಬದಲು ಅದನ್ನೇ ಬುನಾದಿ ಮಾಡಿಕೊಂಡು ಮೇಲೆತ್ತಿದರು. ಗಡಿಯಾರ ಗಂಟೆ ಮಾತ್ರ ತೋರಿಸುತ್ತದೆ. ನಿಮಿಷ ನಿಮಗೇಕೆ ಎಂಬುದು ಅದರ ಧೋರಣೆ. ಚೌಕದ ಕತೆ ಮಾತ್ರ ಸ್ವಲ್ಪ ಉದ್ದ. ಅದರ ಆಕಾರ ಬಡಗಿಯ ಮೂಲೆಮಟ್ಟದ್ದು. ಹದಿಮೂರನೇ ಶತಮಾನದಲ್ಲಿ ಊರು ಗ್ವೆಲ್ಫ್, ಗಿಬೆಲಿನ್ ಎಂದು ಎರಡು ಪಕ್ಷವಾಗಿ ಒಡೆದು ಬೀದಿಬೀದಿಯಲ್ಲಿ ಹೊಡೆದಾಡುತ್ತಿತ್ತು. ಗಿಬೆಲಿನ್ನರು ಸೋತಾಗ ಆ ಪಕ್ಷದ ಉಬೆರ್ತಿ ಮನೆತನದ ಮನೆಗಳನ್ನು ಗೆದ್ದವರು ನೆಲಸಮ ಮಾಡಿದರು. ಆ ದ್ರೋಹಿಗಳ ನೆಲದಲ್ಲಿ ಇನ್ನೆಂದೂ ಗೋಡೆ ಏಳಬಾರದು ಎಂದೂ ಗೊತ್ತುಮಾಡಿದರು. ಅರಮನೆ ಸೊಟ್ಟಗೆ ನಿಂತಿರುವುದು ಆ ಜಾಗವನ್ನು ತಪ್ಪಿಸಿಕೊಳ್ಳಲಿಕ್ಕೇ ಎಂದು ಹಳೇ ಬರಹಗಾರರು ಹೇಳುತ್ತಾರೆ. ನಮ್ಮಲ್ಲಿ ದಾಯಾದಿ ಜಗಳಕ್ಕೆ ಸೈಟು ಖಾಲಿ ಬಿದ್ದು ಪಾರ್ಥೇನಿಯಂ ಬೆಳೆಯುತ್ತದೆ. ಇವರು ಅಂಥ ಸೈಟಿಗೆ ಕಲ್ಲು ಹಾಸಿ ಜಗತ್ತನ್ನೇ ಕರೆದರು.

ಜೋಡಿಸುವ ವಿಧಾನ

ಬಿಡಿಭಾಗಗಳನ್ನು ಸಿಕ್ಕ ಕ್ರಮದಲ್ಲಿ ನೋಡಬೇಡಿ. ನೋಡಿದರೆ ತಲೆ ಕಡಿಯುವ ಹುಚ್ಚಿನವರು ಸೇರಿ ಮಾಡಿದ ಪ್ರದರ್ಶನದಂತೆ ಕಾಣುತ್ತದೆ. ಇಲ್ಲಿನ ಒಂದೊಂದು ಪ್ರತಿಮೆಯೂ ಇನ್ನೊಂದಕ್ಕೆ ಕೊಟ್ಟ ಉತ್ತರ. ಊರ ನಡುವೆ ನಿಂತು ಜಗಳವಾಡುತ್ತಿದ್ದವರು ಬಾಯಿ ಮುಚ್ಚಿ ಹೋದರು, ಅವರ ಮಾತು ಕಲ್ಲು ಕಂಚಿನಲ್ಲಿ ಉಳಿದಿದೆ.

ಮೊದಲು ಅರಮನೆ. ಇದು ರಾಜನ ಮನೆಯಾಗಿ ಹುಟ್ಟಿದ್ದಲ್ಲ. ಗಣರಾಜ್ಯದ ಆಡಳಿತ ಮಂಡಳಿ 'ಸಿನ್ಯೊರಿಯಾ' ಇಲ್ಲಿ ಕೂರುತ್ತಿತ್ತು. ಒಂಬತ್ತು ಜನ, ಚೀಲದಿಂದ ಚೀಟಿ ಎತ್ತಿ ಆರಿಸಿದವರು, ಅಧಿಕಾರ ಎರಡು ತಿಂಗಳು. ಆ ಎರಡು ತಿಂಗಳೂ ಈ ಕಟ್ಟಡದಲ್ಲೇ ವಾಸ, ಇಲ್ಲೇ ಊಟ. ಎರಡೇ ತಿಂಗಳು! ನಮ್ಮಲ್ಲಿ ಖಾತೆ ಹಂಚಿಕೆಯೇ ಅಷ್ಟು ಹೊತ್ತು ಹಿಡಿಯುತ್ತದೆ. ಮಂಡಳಿಯ ಪತ್ರವ್ಯವಹಾರ ನೋಡುತ್ತಿದ್ದ ಕಾರ್ಯದರ್ಶಿಗಳಲ್ಲಿ ಮಾಕಿಯವೆಲ್ಲಿ ಒಬ್ಬ, 1498ರಿಂದ 1512ರವರೆಗೆ. ಅವನಿಗೂ ಮುಂಚೆ, 1453ರಲ್ಲಿ, ಮುಖ್ಯ ಕಾರ್ಯದರ್ಶಿಯಾಗಿ ಬಂದವನು ಪೊಜ್ಜೊ ಬ್ರಾಚೊಲಿನಿ. ಈ ಹೆಸರಿನ ಕೆಳಗೆ ಕನ್ನಡಿಗರು ಒಂದು ಗೆರೆ ಎಳೆದುಕೊಳ್ಳಿ. ವೆನಿಸ್ ಕಡೆಯ ವ್ಯಾಪಾರಿ ನಿಕೊಲೊ ಕೊಂಟಿ 1420ರ ಸುಮಾರಿಗೆ ನಮ್ಮ ವಿಜಯನಗರವನ್ನು ಕಂಡು ಹೋದವನು. ಅವನು ಹೇಳಿದ್ದನ್ನೆಲ್ಲ ಲ್ಯಾಟಿನ್ನಿನಲ್ಲಿ ಬರೆದಿಟ್ಟವನು ಈ ಪೊಜ್ಜೊ. ಹಂಪಿಯ ಕೋಟೆಯ ಸುತ್ತಳತೆ ಬಲ್ಲ ಒಬ್ಬ ಮನುಷ್ಯ ಈ ಬಾಗಿಲಲ್ಲಿ ದಿನವೂ ಓಡಾಡಿದ್ದ ಎಂದು ನಾನು ಹೇಳಿದಾಗ ದೊಡ್ಡಮ್ಮ, "ಹಾಗಾದರೆ ನಾವು ಬಂದಿದ್ದು ಮರುಭೇಟಿ ಅನ್ನು" ಅಂದರು.

ಎರಡನೆಯದು, ಜೂಡಿತ್. ಕುಡಿದು ಬಿದ್ದ ಹೊಲೊಫರ್ನಿಸ್ ಎಂಬ ಸೇನಾಪತಿಯ ಜುಟ್ಟು ಹಿಡಿದು ಕತ್ತಿ ಎತ್ತಿ ನಿಂತ ಹೆಂಗಸು. ದೊನಾತೆಲ್ಲೊ ಎರಕ ಹೊಯ್ದದ್ದು. ಮೊದಲು ಇದು ಊರಿನ ದೊಡ್ಡ ಲೇವಾದೇವಿ ಮನೆತನ ಮೆದಿಚಿಗಳ ಮನೆಯಲ್ಲಿತ್ತು. 1494ರಲ್ಲಿ ಜನ ಮೆದಿಚಿಗಳನ್ನು ಊರಿಂದ ಓಡಿಸಿದರು. ಮರುವರ್ಷ ಅವರದೇ ಪ್ರತಿಮೆಯನ್ನು ಹೊತ್ತು ತಂದು ಅರಮನೆಯ ಬಾಗಿಲಲ್ಲಿ ನಿಲ್ಲಿಸಿ, ಊರಿನ ಕ್ಷೇಮಕ್ಕೆ ಇದೇ ನಿದರ್ಶನ ಎಂಬರ್ಥದ ಬರಹ ಕೆತ್ತಿಸಿ, ದಬ್ಬಾಳಿಕೆ ಮಾಡುವವರಿಗೆ ಎಚ್ಚರಿಕೆ ಕೊಟ್ಟರು. ಜಪ್ತಿ ಮಾಡಿದ ಮಾಲಿನಿಂದಲೇ ಮಾಲೀಕನಿಗೆ ನೋಟೀಸು.

ಮೂರನೆಯದು, ಡೇವಿಡ್. ಇನ್ನೊಬ್ಬ ಶಿಲ್ಪಿ ಕೆತ್ತಲು ಹೋಗಿ ಕೆಡಿಸಿ ಕೈಬಿಟ್ಟಿದ್ದ ಅಮೃತಶಿಲೆಯ ದಿಮ್ಮಿಯನ್ನು ಮೈಕೆಲ್ಯಾಂಜೆಲೊ 1501ರಲ್ಲಿ ಎತ್ತಿಕೊಂಡ. ಮೂರು ವರ್ಷದಲ್ಲಿ 5 ಮೀಟರಿಗೂ ಎತ್ತರದ ಹುಡುಗ ನಿಂತ. ಎಲ್ಲಿಡುವುದು? 1504ರ ಜನವರಿಯಲ್ಲಿ ಸುಮಾರು ಮೂವತ್ತು ಜನರ ಸಮಿತಿ ಸೇರಿತು. ಸದಸ್ಯರ ಪಟ್ಟಿಯಲ್ಲಿ ಲಿಯನಾರ್ಡೊ ಡ ವಿಂಚಿ ಮತ್ತು ಬಾಟಿಚೆಲ್ಲಿ! ಒಬ್ಬರು ಊರಿನ ದೊಡ್ಡ ಚರ್ಚಿನ ಹತ್ತಿರ ಅಂದರು. ಮಳೆಗೆ ಕಲ್ಲು ಕೆಟ್ಟೀತು, ಮಂಟಪದೊಳಗಿಡಿ ಎಂದರು ಕೆಲವರು, ಲಿಯನಾರ್ಡೊ ಅವರ ಕಡೆ. ಅರಮನೆಯ ಅಧಿಕಾರಿಯೊಬ್ಬ, ಹೆಂಗಸು ಗಂಡಸನ್ನು ಕೊಲ್ಲುವ ಪ್ರತಿಮೆ ಬಾಗಿಲಲ್ಲಿರುವುದು ಅಪಶಕುನ, ಜೂಡಿತ್ ಅನ್ನು ತೆಗೆದು ಅಲ್ಲಿಗೇ ಇವನನ್ನು ತನ್ನಿ ಅಂದ. ಅವನದೇ ನಡೆಯಿತು. (ಇದನ್ನು ಹೇಳಿದಾಗ ದೊಡ್ಡಮ್ಮ ಮಾತಾಡಲಿಲ್ಲ. ಆಮೇಲೆ, "ನಮ್ಮೂರಲ್ಲಿ ಮಹಿಷನ್ನ ಕೊಲ್ಲೋಳ್ಗೇ ಪೂಜೆ" ಅಂದರು, ಗೋಡೆ ನೋಡುತ್ತ.) ಮೇ ತಿಂಗಳಲ್ಲಿ ನಲವತ್ತು ಆಳುಗಳು ಎಣ್ಣೆಜಿಡ್ಡು ಸವರಿದ ತೊಲೆಗಳ ಮೇಲೆ ಅವನನ್ನು ಉರುಳಿಸಿಕೊಂಡು ಬಂದರು. ಅವನನ್ನು ಕೆತ್ತಿದ್ದ ಆ ಚರ್ಚಿನ ಹಿಂಭಾಗದಿಂದ ಇಲ್ಲಿಗೆ ನಡೆದರೆ ಹತ್ತು ನಿಮಿಷ, ಅವನಿಗೆ ನಾಲ್ಕು ದಿನ ಹಿಡಿಯಿತು. ರಾತ್ರಿ ಹೊತ್ತು ಯಾರೋ ಕಲ್ಲೆಸೆದರು. ಮೂರ್ತಿಗೆ ಪಹರೆ ಹಾಕಬೇಕಾಯಿತು.

ಮುಂದೆ ಮೆದಿಚಿಗಳು ಮತ್ತೆ ಬಂದರು. ಬಂದವರು ಸುಮ್ಮನಿರುತ್ತಾರೆಯೇ? ಡೇವಿಡ್‌ನ ಪಕ್ಕಕ್ಕೇ 1534ರಲ್ಲಿ ಹರ್ಕ್ಯುಲಿಸ್ ಎದ್ದ, ಕಾಲ ಕೆಳಗೆ ಕಾಕಸ್ ಎಂಬ ಕಳ್ಳನನ್ನು ಒತ್ತಿಹಿಡಿದು. ಬಾಚೊ ಬಂದಿನೆಲ್ಲಿಯ ಕೈಕೆಲಸ. ಈ ಕಲ್ಲು ಮೊದಲು ಮೈಕೆಲ್ಯಾಂಜೆಲೊಗೆಂದು ಗೊತ್ತಾಗಿತ್ತು. ಸಾಗಿಸುವಾಗ ಆರ್ನೊ ನದಿಗೆ ಬಿದ್ದುಹೋಯಿತು. ತನ್ನನ್ನು ಬಂದಿನೆಲ್ಲಿಯ ಕೈಗೆ ಕೊಡುತ್ತಾರೆಂದು ತಿಳಿದು ಕಲ್ಲೇ ಹೊಳೆಗೆ ಹಾರಿಕೊಂಡಿತು ಎಂದು ಊರಿನ ಪುಂಡ ಕವಿಗಳು ಹಾಡಿದರು. ಮೂರ್ತಿ ನಿಂತ ಮೇಲೆ ಅದರ ಮೇಲೆ ಗೇಲಿಯ ಪದ್ಯಗಳ ಚೀಟಿ ಬಿದ್ದವು, ಬರೆದ ಕೆಲವರು ಜೈಲಿಗೂ ಹೋದರು. ಆ ಮೈಕಟ್ಟನ್ನು ಗೋಡೆಗೊರಗಿಸಿದ ಕರಬೂಜದ ಮೂಟೆಗೆ ಹೋಲಿಸಿದವನು ಚೆಲ್ಲಿನಿ ಎಂಬ ಇನ್ನೊಬ್ಬ ಶಿಲ್ಪಿ. ನೋಡಿದರೆ ಹೌದೆನಿಸುತ್ತದೆ. ಒಮ್ಮೆ ಹಾಗೆನಿಸಿದ ಮೇಲೆ ಬೇರೆ ಥರ ನೋಡಲು ಆಗುವುದಿಲ್ಲ, ಕ್ಷಮಿಸಿ.

ಒರಿಜಿನಲ್ ಪಾರ್ಟ್ಸ್

ಗ್ರಾಹಕರ ಗಮನಕ್ಕೆ: ಬಾಗಿಲಲ್ಲಿರುವ ಡೇವಿಡ್ ಡೂಪ್ಲಿಕೇಟ್. ಅಸಲಿಯನ್ನು 1873ರಲ್ಲಿ ಅಕಾಡೆಮಿಯಾ ಎಂಬ ಸಂಗ್ರಹಾಲಯಕ್ಕೆ ಸಾಗಿಸಿದರು, ಈ ನಕಲು ಬಂದದ್ದು 1910ರಲ್ಲಿ. ಜೂಡಿತ್ ನಕಲು, ಅಸಲಿ ಅರಮನೆಯ ಒಳಗಿದ್ದಾಳೆ. ದೊನಾತೆಲ್ಲೊ ಕೆತ್ತಿದ ಊರಿನ ಲಾಂಛನದ ಸಿಂಹ ಮಾರ್ಜೊಕ್ಕೊ ನಕಲು, ಅಸಲಿ ಬರ್ಜೆಲ್ಲೊ ಸಂಗ್ರಹಾಲಯದಲ್ಲಿದೆ. ಮಂಟಪದ ಮೆಟ್ಟಿಲ ಬಳಿ ಒಂದಕ್ಕೊಂದು ಜೋಡಿಯಾಗಿ ನಿಂತ ಸಿಂಹಗಳಲ್ಲೂ ಒಂದು ಪ್ರಾಚೀನ ರೋಮಿನದು, ಇನ್ನೊಂದು ಜೋಡಿಗಾಗಿ ಹದಿನಾರನೇ ಶತಮಾನದ ಕೊನೆಗೆ ಮಾಡಿಸಿದ್ದು.

ಇದು ತಿಳಿದಾಗ ನನಗೆ ಪಿಚ್ಚೆನಿಸಿತು. ಇಷ್ಟು ದೂರ ಬಂದು ಡೂಪ್ಲಿಕೇಟಿನ ಮುಂದೆ ನಿಂತು ಫೋಟೊ ತೆಗೆಸಿಕೊಂಡೆವಲ್ಲ! ದೊಡ್ಡಮ್ಮನಿಗೆ ಏನೂ ಅನಿಸಲಿಲ್ಲ. "ಅದಕ್ಯಾಕೋ ಮುಖ ಸಪ್ಪಗೆ ಮಾಡ್ಕೋತೀಯ? ಮೂಲವಿಗ್ರಹ ಗರ್ಭಗುಡೀಲಿದೆ, ಇದು ಉತ್ಸವಮೂರ್ತಿ. ಬೀದೀಗೆ ಬರೋನು ಉತ್ಸವಮೂರ್ತೀನೇ ಅಲ್ವೇನೋ?"

ಅಸಲಿಗೆ ಬೀದಿ ಒಗ್ಗಲಿಲ್ಲ ಎಂಬುದೂ ನಿಜ. 1527ರಲ್ಲಿ ಮೆದಿಚಿಗಳ ವಿರುದ್ಧ ದಂಗೆಯೆದ್ದಾಗ ಅರಮನೆಯ ಕಿಟಕಿಯಿಂದ ಯಾರೋ ಎಸೆದ ಬೆಂಚು ಡೇವಿಡ್‌ನ ಎಡಗೈಗೆ ಬಡಿದು ಕೈ ಮೂರು ತುಂಡಾಯಿತು. ಮೂರು ದಿನ ತುಂಡುಗಳು ಅಲ್ಲೇ ಬಿದ್ದಿದ್ದವು. ಆಮೇಲೆ ಇಬ್ಬರು ಹುಡುಗರು ಆಯ್ದು ಮನೆಯಲ್ಲಿ ಬಚ್ಚಿಟ್ಟರು. ಅವರಲ್ಲಿ ಒಬ್ಬ ದೊಡ್ಡವನಾಗಿ ಈ ಚೌಕದ ಪಕ್ಕಕ್ಕೇ ಉಫೀತ್ಸಿ ಕಟ್ಟಿದ ವಸಾರಿ. ಉಫೀತ್ಸಿ ಅಂದರೆ ಕಚೇರಿಗಳು ಎಂದರ್ಥ. 1560ರಲ್ಲಿ ಸರ್ಕಾರಿ ಗುಮಾಸ್ತರಿಗೆಂದು ಶುರುವಾದ ಕಟ್ಟಡ, ಈಗ ಅದರ ತುಂಬ ಬಾಟಿಚೆಲ್ಲಿ, ರಫೇಲ್. ಸರ್ಕಾರಿ ಕೆಲಸಕ್ಕೂ ಸಂಗೀತಕ್ಕೂ ಕಚೇರಿ ಎಂಬ ಒಂದೇ ಪದ ಇಟ್ಟುಕೊಂಡವರಿಗೆ ಇದರಲ್ಲಿ ಸೋಜಿಗವೇನೂ ಕಾಣದು.

ಚಾಲನೆ

ಈಗ ಮುಖ್ಯ ಸೂಚನೆ. ಬೇರೆ ಎಲ್ಲ ಮರೆತರೂ ಇದನ್ನು ಮರೆಯಬೇಡಿ: ಎದುರಿಗೆ ನಿಂತು ದರ್ಶನ ಮುಗಿಸಿ ಹೊರಡಬೇಡಿ. ಪ್ರದಕ್ಷಿಣೆ ಹಾಕಿ.

ಎದುರಿನಿಂದ ನೋಡುವುದು ನಮ್ಮ ತಪ್ಪಲ್ಲ. ಸೆಲ್ಫಿಗೆ ಬೇಕಾದ್ದು ಎದುರು ಮಾತ್ರ. ನಮ್ಮ ಗುಂಪಿನ ಮೂವತ್ತೆಂಟು ಜನ ಮಂಟಪದ ಮುಂದೆ ಸಾಲಾಗಿ ನಿಂತು, ಬೆನ್ನು ಪ್ರತಿಮೆಗಳಿಗೆ ಮಾಡಿ, ಮುಖ ಫೋನಿಗೆ ಮಾಡಿ, ಏಳು ನಿಮಿಷದಲ್ಲಿ ಕಲೆಯನ್ನು ಮುಗಿಸಿ ತೊಗಲಿನ ಬೆಲ್ಟು ಕೊಳ್ಳಲು ಹೋದರು. ದೊಡ್ಡಮ್ಮ ಮಾತ್ರ ಅಭ್ಯಾಸಬಲದಿಂದ ಎಡದಿಂದ ಬಲಕ್ಕೆ ಸುತ್ತು ಶುರುಮಾಡಿದರು. ನಾನು ಕೈ ಹಿಡಿದುಕೊಂಡೆ.

ಮಂಟಪದ ಹೆಸರು ಲೊಜ್ಜಾ ದೆಯ್ ಲಾಂಟ್ಸಿ. 1376ರಿಂದ 1382ರ ನಡುವೆ ಸಾರ್ವಜನಿಕ ಸಮಾರಂಭಗಳಿಗೆಂದು ಕಟ್ಟಿದ್ದು. ಮುಂದೆ ಮೆದಿಚಿ ಮನೆತನದ ಡ್ಯೂಕ್ ಒಂದನೇ ಕೊಸಿಮೊ ತನ್ನ ಜರ್ಮನ್ ಭರ್ಜಿಗಾರರನ್ನು ಇಲ್ಲಿರಿಸಿದ್ದರಿಂದ ಈ ಹೆಸರು. ಎಡಗಡೆಯ ಕಮಾನಿನಲ್ಲಿ ಅದೇ ಕೊಸಿಮೊ ಮಾಡಿಸಿದ ಪರ್ಸಿಯಸ್. ಕಂಚು. ಎಡಗೈಯಲ್ಲಿ ಹಾವುಗೂದಲಿನ ಮೆಡೂಸಾಳ ತಲೆ ಎತ್ತಿ ಹಿಡಿದಿದ್ದಾನೆ. ಕತ್ತಿನಿಂದ ರಕ್ತ ಕಂಚಿನ ಎಳೆಎಳೆಯಾಗಿ ಇಳಿದು ನಿಂತಿದೆ. ಅವಳ ಮುಖ ನೋಡಿದವರು ಕಲ್ಲಾಗುತ್ತಾರೆ ಎಂಬುದು ಗ್ರೀಕ್ ಕತೆ. ಎದುರಿಗೆ ಯಾರಿದ್ದಾರೆ ನೋಡಿ: ಡೇವಿಡ್, ಹರ್ಕ್ಯುಲಿಸ್, ಇಬ್ಬರೂ ಕಲ್ಲು. ಗಣರಾಜ್ಯದವರು ಒಂದು ಕಡಿದ ತಲೆ ತೋರಿಸಿ ಹೆದರಿಸಿದ್ದರು. ಡ್ಯೂಕ್ ಇನ್ನೊಂದು ತೋರಿಸಿದ.

ಇದನ್ನು ಮಾಡಿದವನು ಕರಬೂಜದ ಮಾತಾಡಿದ ಅದೇ ಬೆನ್ವೆನುತೊ ಚೆಲ್ಲಿನಿ. 1545ರಲ್ಲಿ ಹಿಡಿದ ಕೆಲಸ 1554ರಲ್ಲಿ ಮುಗಿಯಿತು. ಎರಕದ ದಿನದ ಕತೆಯನ್ನು ಅವನೇ ಬರೆದಿದ್ದಾನೆ, ಸ್ವಂತ ಕೊಂಬು ಊದುವುದರಲ್ಲಿ ಅವನು ಕಡಿಮೆಯಲ್ಲ ಎಂಬುದನ್ನು ನೆನಪಿಟ್ಟುಕೊಂಡು ಕೇಳಿ. ಚಳಿಜ್ವರ ಬಂದು ಅವನು ಹಾಸಿಗೆ ಹಿಡಿದಿದ್ದ. ಕುಲುಮೆಯಲ್ಲಿ ಲೋಹ ಗಟ್ಟಿಯಾಗಿ ಹೆಪ್ಪುಗಟ್ಟಿತು ಎಂದು ಆಳು ಬಂದು ಅತ್ತ. ಇವನು ಎದ್ದು ಬಟ್ಟೆ ಸಿಕ್ಕಿಸಿಕೊಂಡು ಓಡಿದ. ಒಣಗಿದ ಓಕ್ ಸೌದೆ ತರಿಸಿ ಬೆಂಕಿ ಏರಿಸಿದ. ಚಾವಣಿಗೆ ಕಿಡಿ ಹತ್ತಿತು. ಹೊರಗೆ ಗಾಳಿಮಳೆ. ಲೋಹ ಕರಗಿದರೂ ಹರಿಯುತ್ತಿಲ್ಲ, ತವರ ಕಮ್ಮಿ. ಮನೆಯಲ್ಲಿದ್ದ ತವರ ಮಿಶ್ರದ ತಟ್ಟೆ ಬಟ್ಟಲುಗಳನ್ನೆಲ್ಲ, ಇನ್ನೂರರಷ್ಟು, ಒಂದೊಂದಾಗಿ ಒಳಗೆಸೆದ. ಹರಿಯಿತು. ಅಂದರೆ ಪರ್ಸಿಯಸ್‌ನ ಮೈಯಲ್ಲಿ ಚೆಲ್ಲಿನಿಯ ಮನೆಯ ಊಟದ ತಟ್ಟೆಗಳಿವೆ. "ಆ ಮನೆ ಹೆಂಗಸರನ್ನ ಯಾರಾದ್ರೂ ಒಂದು ಮಾತು ಕೇಳಿದ್ರಾ?" ಎಂಬ ದೊಡ್ಡಮ್ಮನ ಪ್ರಶ್ನೆಗೆ ಚರಿತ್ರೆಯಲ್ಲಿ ಉತ್ತರವಿಲ್ಲ.

ಈಗ ಮೆಟ್ಟಿಲು ಹತ್ತಿ ಪರ್ಸಿಯಸ್‌ನ ಬೆನ್ನಿಗೆ ಬನ್ನಿ. ಕತ್ತೆತ್ತಿ ಶಿರಸ್ತ್ರಾಣದ ಹಿಂಭಾಗ ನೋಡಿ. ಮೊದಲಿಗೆ ಬರೀ ಅಲಂಕಾರದ ಸುರುಳಿಗಳು. ಒಂದು ಹೆಜ್ಜೆ ಆಚೀಚೆ ಸರಿಯಿರಿ. ಸುರುಳಿಗಳೇ ಗಡ್ಡವಾಗಿ, ಮಡಿಕೆ ಮೂಗಾಗಿ, ಹುಬ್ಬು ಗಂಟಿಕ್ಕಿದ ಮುದುಕನ ಮುಖ ನಿಮ್ಮನ್ನೇ ದುರುಗುಟ್ಟುತ್ತದೆ. ಚೆಲ್ಲಿನಿ ತನ್ನ ಮುಖವನ್ನೇ ಅಲ್ಲಿ ಅಡಗಿಸಿದ ಎನ್ನುತ್ತಾರೆ. ಹೆಸರನ್ನು ಎದೆಗೆ ಅಡ್ಡ ಬಿದ್ದ ಪಟ್ಟಿಯ ಮೇಲೆ ರಾಜಾರೋಷವಾಗಿ ಬರೆದಿದ್ದಾನೆ, ಮುಖ ಮಾತ್ರ ಸುತ್ತು ಬಂದವರಿಗೆ. ದೊಡ್ಡಮ್ಮನಿಗೆ ಇದು ಬಹಳ ಹಿಡಿಸಿತು. ನಮ್ಮೂರಿನ ಮದನಿಕೆಯರ ಪೀಠದಲ್ಲಿ ಬಳ್ಳಿಗಾವೆಯ ದಾಸೋಜ ಹೆಸರು ಕೊರೆದು ಹೋಗಿದ್ದಾನೆ, ಅವನಿಗೆ ಈ ಉಪಾಯ ಹೊಳೆಯಲಿಲ್ಲವಲ್ಲ ಎಂದು ಕೊಂಚ ಬೇಸರವೂ ಆಯಿತು.

ಬಲಗಡೆಯ ಕಮಾನಿನಲ್ಲಿ ಮೂರು ಜನ, ಒಂದೇ ಕಲ್ಲು. ಕೆಳಗೆ ಕುಕ್ಕರಿಸಿ ಕೈ ಎತ್ತಿದ ಮುದುಕ, ಅವನನ್ನು ದಾಟಿ ನಿಂತ ಯುವಕ, ಅವನ ತೋಳಲ್ಲಿ ಆಕಾಶಕ್ಕೆ ಕೈಚಾಚಿ ಕೊಸರುವ ಹೆಣ್ಣು. ಜಾಂಬೊಲೊನ್ಯಾ ಎಂಬುವನು 1583ರಲ್ಲಿ ಮುಗಿಸಿದ್ದು. ಇದಕ್ಕೆ ಎದುರು ಎಂಬುದೇ ಇಲ್ಲ. ಎಲ್ಲಿ ನಿಂತರೂ ಯಾರದೋ ಮುಖ ಕಾಣುವುದಿಲ್ಲ, ನೋಡಲೆಂದು ಇನ್ನೆರಡು ಹೆಜ್ಜೆ ಇಡುತ್ತೀರಿ, ಅಷ್ಟರಲ್ಲಿ ಇನ್ಯಾರದೋ ಬೆನ್ನು ಅಡ್ಡ. ಹೀಗೆ ಕಲ್ಲೇ ನಿಮ್ಮನ್ನು ಸುತ್ತಿಸುತ್ತದೆ. ಯುವಕನ ಬೆರಳು ಹೆಣ್ಣಿನ ಸೊಂಟದ ಮಾಂಸದಲ್ಲಿ ಒತ್ತಿ ಗುಳಿ ಬಿದ್ದಿರುವುದು ಕಾಣಬೇಕಾದರೆ ಅರ್ಧ ಸುತ್ತು ಬಂದಿರಬೇಕು. ದೊಡ್ಡಮ್ಮ ಮೊದಲ ಸುತ್ತಿನಲ್ಲೇ ತೀರ್ಪು ಕೊಟ್ಟರು: "ಸೀತಾಪಹರಣ. ಮೇಲಿರೋಳು ಸೀತೆ, ಹೊತ್ತಿರೋನು ರಾವಣ, ಕೆಳಗೆ ಬಿದ್ದೋನು ಜಟಾಯು ಪಾಪ."

ಅಲ್ಲ ದೊಡ್ಡಮ್ಮ, ಇದು ರೋಮಿನವರು ಸಬೈನ್ ಹೆಂಗಸರನ್ನು ಹೊತ್ತೊಯ್ದ ಕತೆ ಎಂದು ತಿದ್ದಲು ಬಾಯಿ ತೆರೆದೆ. ಆಮೇಲೆ ನೆನಪಾಯಿತು: ಜಾಂಬೊಲೊನ್ಯಾ ಯಾವ ಕತೆಯನ್ನೂ ಮನಸ್ಸಿನಲ್ಲಿಟ್ಟುಕೊಂಡು ಕೆತ್ತಿರಲಿಲ್ಲ. ಮುದುಕ, ಯುವಕ, ಹೆಣ್ಣು ಮೂವರನ್ನೂ ಒಂದೇ ದಿಮ್ಮಿಯಲ್ಲಿ ತಿರುಚಿ ನಿಲ್ಲಿಸಬಲ್ಲೆ ಎಂದು ತೋರಿಸಬೇಕಿತ್ತು, ತೋರಿಸಿದ. ಸಬೈನ್ ಎಂಬುದು ಕೆಲಸ ಮುಗಿದ ಮೇಲೆ ಬೇರೆಯವರು ಸೂಚಿಸಿದ ಹೆಸರು. ಹಾಗಿರುವಾಗ ನಮ್ಮ ದೊಡ್ಡಮ್ಮನೂ ಒಂದು ಹೆಸರು ಸೂಚಿಸಬಹುದು. ನಮ್ಮ ಮನೆಯ ಆಲ್ಬಮ್ಮಿನಲ್ಲಿ ಆ ಫೋಟೊದ ಕೆಳಗೆ ಜಟಾಯು ಎಂದೇ ಇದೆ.

ಇಂಧನ

ಕಾಫಿಯನ್ನು ನಿಂತು ಕುಡಿಯಿರಿ. ಚೌಕಕ್ಕೆ ಮುಖಮಾಡಿದ ಮೇಜಿನಲ್ಲಿ ಕೂತರೆ ಅದೇ ಲೋಟಕ್ಕೆ ಮೂರು ನಾಲ್ಕು ಪಟ್ಟು, ನೋಟಕ್ಕೂ ಬಾಡಿಗೆ ಸೇರಿರುತ್ತದೆ. ದರ್ಶಿನಿಯಲ್ಲಿ ನಿಂತೇ ಇಡ್ಲಿ ಮುಗಿಸಿ ಬೆಳೆದ ಬೆಂಗಳೂರಿನವರಿಗೆ ಇದರಲ್ಲಿ ತರಬೇತಿ ಬೇಕಿಲ್ಲ. ಆದರೂ ನಾನು ಕೂತೆ. ದೊಡ್ಡಮ್ಮನ ಮಂಡಿ ನೆಪ. ಬಿಲ್ಲು ಬಂದಾಗ ದೊಡ್ಡಮ್ಮ ರೂಪಾಯಿಗೆ ಲೆಕ್ಕ ಹಾಕಿ, "ಎರಡು ಕೆಜಿ ಕಾಫಿಪುಡಿ ಬರೋದು, ಚಿಕೋರಿ ಇಲ್ದೇ ಇರೋದು" ಅಂದರು. ಅವರ ಲೆಕ್ಕದಲ್ಲಿ ಸ್ವಲ್ಪ ಉತ್ಪ್ರೇಕ್ಷೆಯಿತ್ತು, ನಾನು ತಕರಾರು ಮಾಡಲಿಲ್ಲ.

ನೀರಿಗೆ ದುಡ್ಡು ಕೊಡಬೇಡಿ. ನೆಪ್ಚೂನನ ಕಾರಂಜಿಯ ಹತ್ತಿರವೇ ಪುಕ್ಕಟೆ ಕುಡಿಯುವ ನೀರಿನ ನಲ್ಲಿಯಿದೆ. ಒಂದು ಗುಂಡಿ ಒತ್ತಿದರೆ ಸಾದಾ ನೀರು, ಇನ್ನೊಂದಕ್ಕೆ ಗ್ಯಾಸಿನ ನೀರು. ದೊಡ್ಡಮ್ಮ ಎರಡನೆಯದು ಒತ್ತಿ, ಒಂದು ಗುಟುಕು ಕುಡಿದು, "ಲೋ, ಸೋಡಾ ಕಣೋ! ಪುಕ್ಕಟೆ!" ಎಂದು ಇಡೀ ಚೌಕಕ್ಕೆ ಕೇಳುವಂತೆ ಕೂಗಿದರು. ಡೇವಿಡ್‌ಗೂ ಬರದ ಬೆರಗು ಆ ಮುಖದಲ್ಲಿತ್ತು. ಆಮೇಲೆ ಐದು ನಿಮಿಷ ನಿಂಬೆಹಣ್ಣು ಎಲ್ಲಿ ಸಿಗುತ್ತದೆಂದು ಹುಡುಕಿದೆವು.

ಎಚ್ಚರಿಕೆಗಳು

ಪ್ರತಿಮೆ ಹತ್ತಬೇಡಿ. ಇದನ್ನು ಬರೆಯಬೇಕಾಗಿ ಬಂದದ್ದೇ ನಾಚಿಕೆ, ಆದರೆ ಹತ್ತುವವರಿದ್ದಾರೆ. ಕಾರಂಜಿಯ ನೆಪ್ಚೂನನನ್ನು 2005ರಲ್ಲಿ ಒಬ್ಬ ಹತ್ತಿ ಕೈ ಮುರಿದ. ವರ್ಷಗಳ ಮೇಲೆ ರಿಪೇರಿಯಾಗಿ 2019ರಲ್ಲಿ ಕಾರಂಜಿ ಮತ್ತೆ ಹರಿಯಿತು. 2023ರಲ್ಲಿ ಜರ್ಮನಿಯ ಪ್ರವಾಸಿಯೊಬ್ಬ ಫೋಟೊಗೆಂದು ಹತ್ತಿ ಇಳಿಯುವಾಗ ಕುದುರೆಯ ಗೊರಸು ಒಡೆದ, ನಷ್ಟ 5,000 ಯೂರೊ ಎಂದು ಅಂದಾಜು ಮಾಡಿದರು. ಊರವರಿಗೂ ಈ ನೆಪ್ಚೂನನ ಮೇಲೆ ದೊಡ್ಡ ಭಕ್ತಿಯೇನಿಲ್ಲ. 'ಬಿಯಂಕೋನೆ' ಎನ್ನುತ್ತಾರೆ, ಬಿಳಿ ಧಡಿಯ ಎಂದ ಹಾಗೆ. ಒಳ್ಳೇ ಕಲ್ಲನ್ನು ಹಾಳುಮಾಡಿದೆಯಲ್ಲೋ ಎಂದು ಶಿಲ್ಪಿ ಅಮ್ಮನ್ನಾತಿಯನ್ನು ಆಡಿಕೊಳ್ಳುವ ಮಾತು ನಾನೂರು ವರ್ಷದಿಂದ ಚಾಲ್ತಿಯಲ್ಲಿದೆ. ಆಡಿಕೊಳ್ಳುವುದು ಬೇರೆ, ಗೊರಸು ಮುರಿಯುವುದು ಬೇರೆ.

ಉಫೀತ್ಸಿಯ ಸುತ್ತಮುತ್ತ ನೆಲದ ಮೇಲೆ ಹಾಸಿದ ಚಿತ್ರಗಳನ್ನು ತುಳಿಯಬೇಡಿ. ನೀವು ತುಳಿಯಲಿ, ದುಡ್ಡು ಕೀಳೋಣ ಎಂದೇ ಹಾಸಿರುತ್ತಾರೆ. ಮೆಟ್ಟಿಲ ಮೇಲೆ ಬುತ್ತಿ ಬಿಚ್ಚುವ ಮುನ್ನ ಬೋರ್ಡು ಓದಿ. 2018ರಲ್ಲಿ ಪಕ್ಕದ ಕೆಲವು ಬೀದಿಗಳಲ್ಲಿ ಊಟದ ಹೊತ್ತಿಗೆ ಕೂತು ತಿಂದರೆ 500 ಯೂರೊವರೆಗೆ ದಂಡ ಎಂದು ನಗರಾಡಳಿತ ಆದೇಶ ಹೊರಡಿಸಿತ್ತು. ನಮ್ಮ ಬಳಿ ಚಿತ್ರಾನ್ನವಿತ್ತು. ಹೆಚ್ಚು ಹೇಳುವುದಿಲ್ಲ.

ಕಾರಂಜಿಯ ಎದುರಿಗೆ ನೆಲದಲ್ಲಿ ದುಂಡನೆಯ ಕಲ್ಲೊಂದಿದೆ, ಅಕ್ಷರ ಕೊರೆದದ್ದು. ಅದರ ಮೇಲೆ ನಿಂತು ಐಸ್‌ಕ್ರೀಮ್ ತಿನ್ನುವವರೇ ಹೆಚ್ಚು. ಸವೊನರೋಲಾ ಎಂಬ ಸಂನ್ಯಾಸಿ 1497ರ ಫೆಬ್ರುವರಿ 7ರಂದು ಇದೇ ಚೌಕದಲ್ಲಿ ಊರವರ ಕನ್ನಡಿ, ಬಣ್ಣ, ಇಸ್ಪೀಟು, ಚಿತ್ರ, ಪುಸ್ತಕಗಳನ್ನೆಲ್ಲ ಪಾಪದ ಸಾಮಾನು ಎಂದು ರಾಶಿ ಹಾಕಿಸಿ ಸುಡಿಸಿದ. ಮರುವರ್ಷ ಮೇ 23ಕ್ಕೆ ಅದೇ ಊರು ಅದೇ ಚೌಕದಲ್ಲಿ ಅವನನ್ನು ನೇಣಿಗೆ ಹಾಕಿ ಸುಟ್ಟು ಬೂದಿಯನ್ನು ಹೊಳೆಗೆ ಸುರಿಯಿತು. ಈಗ ಪ್ರತಿ ವರ್ಷ ಆ ದಿನ ಆ ಕಲ್ಲಿನ ಮೇಲೆ ಹೂವಿಡುತ್ತಾರೆ. ದೊಡ್ಡಮ್ಮ ಸೆರಗು ಸರಿಮಾಡಿಕೊಂಡು ಅದನ್ನು ಬಳಸಿ ನಡೆದರು. ಸುಡಿಸಿದವನೆಂದೋ ಸುಟ್ಟುಹೋದವನೆಂದೋ ನಾನು ಕೇಳಲಿಲ್ಲ.

ಕಲೆ ಹೆಚ್ಚಾದರೆ ತಲೆ ಸುತ್ತಬಹುದು. ತಮಾಷೆಯಲ್ಲ. ಫ್ರೆಂಚ್ ಲೇಖಕ ಸ್ಟೆಂಡಾಲ್ ಈ ಊರಿನ ಸಾಂತಾ ಕ್ರೋಚೆ ಚರ್ಚಿನಿಂದ ಹೊರಬಂದಾಗ ಎದೆ ಹೊಡೆದುಕೊಂಡು ಬಿದ್ದೇನೆಂದು ಹೆದರಿದ್ದನ್ನು ಬರೆದಿದ್ದಾನೆ. ಇಲ್ಲಿನ ಮನೋವೈದ್ಯೆ ಗ್ರಾತ್ಸಿಯೆಲ್ಲಾ ಮಗೆರೀನಿ ತಮ್ಮ ಆಸ್ಪತ್ರೆಗೆ ಬಂದ ನೂರಕ್ಕೂ ಹೆಚ್ಚು ಪ್ರವಾಸಿಗಳಲ್ಲಿ ಇಂಥದೇ ಲಕ್ಷಣ ಕಂಡು ಅದಕ್ಕೆ ಅವನ ಹೆಸರನ್ನೇ ಇಟ್ಟರು. ನಮ್ಮ ಗುಂಪಿನಲ್ಲಿ ಯಾರಿಗೂ ಇದು ಬಾಧಿಸಲಿಲ್ಲ. ಬೆಲ್ಟಿನ ಅಂಗಡಿಯಲ್ಲಿದ್ದರು.

ತೊಂದರೆ ಮತ್ತು ಪರಿಹಾರ

ಪ್ರತಿಮೆಗಳೆಲ್ಲ ಒಂದೇ ಥರ ಕಾಣುತ್ತಿವೆ: ಬೆನ್ನಿನಿಂದ ನೋಡಿ.

ಗೈಡ್ ಕಿವಿಯಲ್ಲಿ ಮಾತಾಡುತ್ತಲೇ ಇದ್ದಾನೆ: ಇಯರ್‌ಫೋನು ತೆಗೆಯಿರಿ. ಅರಮನೆಯ ಮುಂಗೋಡೆಯಲ್ಲಿ, ಹರ್ಕ್ಯುಲಿಸ್‌ನ ಹಿಂದಿನ ಮೂಲೆಗೆ, ಕಲ್ಲಿನಲ್ಲಿ ಗೀಚಿದ ಒಂದು ಮುಖವಿದೆ. ಬೋರು ಹೊಡೆಸುವ ಒಬ್ಬ ಇಲ್ಲಿ ನಿಲ್ಲಿಸಿ ಕೊರೆಯುತ್ತಿದ್ದಾಗ ಮೈಕೆಲ್ಯಾಂಜೆಲೊ ಕೈ ಬೆನ್ನ ಹಿಂದಿಟ್ಟುಕೊಂಡೇ ಅದನ್ನು ಕೆತ್ತಿದ ಎಂಬ ದಂತಕಥೆಯಿದೆ. ಹೂಂ ಹೂಂ ಅನ್ನುತ್ತ ಕೈಗೆ ಬೇರೆ ಕೆಲಸ ಕೊಡುವ ಕಲೆ ಆಗಲೂ ಇತ್ತು.

ಹೊತ್ತು ಸಾಲುತ್ತಿಲ್ಲ: ಇದಕ್ಕೆ ದೊಡ್ಡಮ್ಮ ಕಂಡುಹಿಡಿದ ಪರಿಹಾರವನ್ನು ಹಾಗೆಯೇ ಕೊಡುತ್ತೇನೆ. ಜಟಾಯುವಿಗೆ ಎರಡನೇ ಸುತ್ತು ಹಾಕುತ್ತಿದ್ದೆವು. ಟೂರ್ ಮ್ಯಾನೇಜರ್ ಬಾವುಟ ಎತ್ತಿಕೊಂಡು ಓಡಿಬಂದ. ಕೋಚು ಹೊಳೆದಂಡೆಯಲ್ಲಿ ಕಾಯುತ್ತಿದೆ, ನಲವತ್ತೈದು ನಿಮಿಷ ಮುಗಿದು ಮೇಲೆ ಹನ್ನೆರಡು ನಿಮಿಷವಾಯಿತು, ಇನ್ನು ಪೀಸಾಕ್ಕೆ ಹೊರಡಬೇಕು ಎಂದ. ದೊಡ್ಡಮ್ಮ ಕಂಬಕ್ಕೆ ಕೈ ಕೊಟ್ಟು ನಿಂತು, ಗೋಪುರದ ಕಡೆ ಕತ್ತೆತ್ತಿ, ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದರು.

"ನಿಮಿಷದ ಮುಳ್ಳೇ ಇಲ್ವಲ್ಲಪ್ಪಾ ಇವರ ಗಡಿಯಾರಕ್ಕೆ. ನಲವತ್ತೈದು ಆಯ್ತು ಅಂತ ಹೆಂಗೆ ಹೇಳ್ತೀಯ? ಈ ಊರಲ್ಲಿ ಇನ್ನೂ ಮೂರೇ ಗಂಟೆ. ನೀನೂ ಬಾ, ಒಂದು ಸುತ್ತು ಹಾಕು."

ಹುಡುಗ ಆ ಚೌಕಕ್ಕೆ ಅದೆಷ್ಟು ಸಲ ಬಂದಿದ್ದನೋ. ಬಾವುಟ ಮಡಚಿ ಕಂಕುಳಲ್ಲಿ ಇಟ್ಟುಕೊಂಡು ದೊಡ್ಡಮ್ಮನ ಇನ್ನೊಂದು ಕೈ ಹಿಡಿದ. ಪರ್ಸಿಯಸ್‌ನ ಬೆನ್ನಿಗೆ ಬಂದಾಗ, "ಅಯ್ಯೋ, ಇದರಲ್ಲಿ ಮುಖ ಇದೆ!" ಅಂದ.